ಪದ ಪರಿಚಯ: ಆರೆಂಜ್ ಅಲರ್ಟ್

"ಕರಾವಳಿಗೆ ಆರೆಂಜ್ ಅಲರ್ಟ್, ಸಾಧಾರಣ ಮಳೆ ಸಾಧ್ಯತೆ." ಮಳೆಗಾಲ ಬಂತೆಂದರೆ ಟಿವಿಯಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಇಂಥ ಸಾಲು ಓಡಾಡುತ್ತಲೇ ಇರುತ್ತದೆ. ಹಳದಿ ಅಂದರೆ ಸ್ವಲ್ಪ ಮಳೆ, ಆರೆಂಜ್ ಅಂದರೆ ಮಧ್ಯಮ, ಕೆಂಪು ಅಂದರೆ ಜೋರು ಅಂತ ಬಹಳ ಜನ ನಂಬಿದ್ದಾರೆ. ಇದು ತಪ್ಪು. ಈ ತಪ್ಪಿನಿಂದ ಜೀವಕ್ಕೇ ಅಪಾಯ ಬರಬಹುದು, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮಳೆಯ ಅಳತೆಗೆ ಹವಾಮಾನ ಇಲಾಖೆ ಬೇರೆಯೇ ಪದಗಳನ್ನು ಇಟ್ಟುಕೊಂಡಿದೆ. 24 ಗಂಟೆಯಲ್ಲಿ 64.5ರಿಂದ 115.5 ಮಿ.ಮೀ. ಬಿದ್ದರೆ ಭಾರಿ ಮಳೆ. 204.4ರವರೆಗೆ ಅತಿ ಭಾರಿ. ಅದನ್ನೂ ದಾಟಿದರೆ ಅತ್ಯಂತ ಭಾರಿ. ಬಣ್ಣ ಹೇಳುವುದು ಬೇರೆ ವಿಷಯ: ನಾವೀಗ ಏನು ಮಾಡಬೇಕು ಅನ್ನೋದು. ಹಸಿರಿದ್ದರೆ ಏನೂ ಮಾಡಬೇಕಿಲ್ಲ. ಹಳದಿಯಿದ್ದರೆ ಗಮನ ಇಟ್ಟಿರಿ, ಹೊಸ ಮಾಹಿತಿ ನೋಡುತ್ತಿರಿ. ಆರೆಂಜ್ ಬಂದರೆ ಸಿದ್ಧರಾಗಿ. ಕೆಂಪು ಬಂದರೆ ತಡಮಾಡದೆ ಕ್ರಮ ಕೈಗೊಳ್ಳಿ.

ಬಣ್ಣ ಕೊಡುವಾಗ ಎಷ್ಟು ಮಳೆ ಬರಬಹುದು ಅಂತ ಮಾತ್ರ ನೋಡುವುದಿಲ್ಲ. ಅದು ಬರುವ ಸಾಧ್ಯತೆ ಎಷ್ಟು, ಬಂದರೆ ಅಲ್ಲಿ ಏನಾಗುತ್ತದೆ ಅನ್ನೋದೂ ಲೆಕ್ಕಕ್ಕೆ ಬರುತ್ತದೆ. ಜುಲೈನಲ್ಲಿ ಒಂದೇ ದಿನ 130 ಮಿ.ಮೀ. ಸುರಿದರೆ ಆಗುಂಬೆಯವರಿಗೆ ಅದೇನೂ ಹೊಸದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೆಚ್ಚುಕಡಿಮೆ ಅಷ್ಟೇ ಮಳೆಗೆ ಬೆಂಗಳೂರಿನ ಬೆಳ್ಳಂದೂರು, ಹೊರವರ್ತುಲ ರಸ್ತೆಯ ಸುತ್ತಮುತ್ತ ಜನರನ್ನು ಟ್ರ್ಯಾಕ್ಟರ್, ದೋಣಿಯಲ್ಲಿ ಸಾಗಿಸಬೇಕಾಯಿತು. ಹಾಗಾಗಿ ಒಂದೇ ಅಳತೆಯ ಮಳೆಗೆ ಒಂದೂರಲ್ಲಿ ಹಳದಿ, ಇನ್ನೊಂದೂರಲ್ಲಿ ಆರೆಂಜ್ ಬರಬಹುದು.

ಜಾಸ್ತಿ ಅಪಾರ್ಥಕ್ಕೆ ಒಳಗಾಗಿರುವುದು ಆರೆಂಜ್. ಎರಡು ಬಣ್ಣಗಳ ನಡುವೆ ಇರುವುದರಿಂದ "ಪರವಾಗಿಲ್ಲ, ಇನ್ನೂ ಕೆಂಪಾಗಿಲ್ಲವಲ್ಲ" ಅನ್ನಿಸಿಬಿಡುತ್ತದೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಜರಿದು ಬಂತು. ಹಿಂದಿನ ದಿನ ಜಿಲ್ಲೆಗೆ ಇದ್ದದ್ದು ಆರೆಂಜ್. ಕೆಂಪು ಬಂದದ್ದು ಗುಡ್ಡ ಕುಸಿದ ಮೇಲೆ, ಬೆಳಿಗ್ಗೆ ಎಂದು ಕೇರಳದ ಮುಖ್ಯಮಂತ್ರಿ ಪಿಣರಾಯಿ ವಿಜಯನ್ ಹೇಳಿದರು. 115ರಿಂದ 204 ಮಿ.ಮೀ. ಅಂತ ಮುನ್ಸೂಚನೆ ಇತ್ತು, 48 ಗಂಟೆಯಲ್ಲಿ ಬಿದ್ದದ್ದು 572 ಎಂಬುದು ಅವರ ಲೆಕ್ಕ. ಆರೆಂಜ್ ಅಂದರೇ ಸಿದ್ಧರಾಗಿರಿ ಅಂತ, ಕೆಂಪು ಬರಲಿ ಎಂದು ಕಾಯಬಾರದು ಎಂದು ಹವಾಮಾನ ಇಲಾಖೆಯ ಮುಖ್ಯಸ್ಥ ಮೃತ್ಯುಂಜಯ ಮೊಹಾಪಾತ್ರ ಉತ್ತರಿಸಿದರು. ಮುನ್ಸೂಚನೆ ಅಳತೆಯಲ್ಲಿ ಸೋತಿತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಣ್ಣದ ಅರ್ಥದ ಮಟ್ಟಿಗೆ ಮೊಹಾಪಾತ್ರ ಹೇಳಿದ್ದೇ ಸರಿ. ಘಟ್ಟದ ಊರಿಗೆ ಕೆಂಪು ಬರುವ ಹೊತ್ತಿಗೆ ರಸ್ತೆ ಕಡಿದಿರಬಹುದು, ಕರೆಂಟ್ ಹೋಗಿರಬಹುದು, ಕತ್ತಲಾಗಿರಬಹುದು. ಆಗ ಜನರನ್ನು ಎಲ್ಲಿಗೆ ಸಾಗಿಸುವುದು?

"ಸಿದ್ಧ" ಅನ್ನೋದು ಬರೀ ಪ್ರಕಟಣೆಯ ಪದ ಆಗಬಾರದು. ಕುಸಿಯುವ ತಿರುವಿನ ಹತ್ತಿರ ಜೆಸಿಬಿ ಸಂಜೆಯೇ ಬಂದು ನಿಂತಿರಬೇಕು, ಅದರ ಡ್ರೈವರ್ ಫೋನ್ ಎತ್ತಬೇಕು. ಕಾಳಜಿ ಕೇಂದ್ರ ಮಾಡಬೇಕಾದ ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ ಅಂತ ಪಿಡಿಒಗೆ ಗೊತ್ತಿರಬೇಕು. ನಡೆಯಲಾರದ ಹಿರಿಯರು, ದಿನ ತುಂಬಿದ ಬಸುರಿಯರು ಇರುವ ಮನೆಗಳ ಪಟ್ಟಿ ತಹಶೀಲ್ದಾರರ ಕೈಯಲ್ಲಿರಬೇಕು. ಇದೆಲ್ಲ ಆರೆಂಜ್ ದಿನದ ಕೆಲಸ.

ಇನ್ನೊಂದು ತಪ್ಪು: "ಜಿಲ್ಲಾಧಿಕಾರಿಯಿಂದ ರೆಡ್ ಅಲರ್ಟ್ ಘೋಷಣೆ". ಬಣ್ಣ ಕೊಡುವುದು ಹವಾಮಾನ ಇಲಾಖೆ. ಶಾಲೆಗೆ ರಜೆ, ಜಲಪಾತಕ್ಕೆ ನಿರ್ಬಂಧ, ಘಾಟಿ ರಸ್ತೆ ಬಂದ್ ಇವೆಲ್ಲ ಜಿಲ್ಲಾಡಳಿತದ ತೀರ್ಮಾನ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಒಬ್ಬರದು ಮುನ್ಸೂಚನೆ, ಇನ್ನೊಬ್ಬರದು ನಿರ್ಧಾರ. ಎರಡನ್ನೂ ಕಲಸಿಬಿಟ್ಟರೆ ಆಮೇಲೆ ಯಾರನ್ನು ಏನು ಕೇಳಬೇಕು ಅಂತಲೇ ಗೊತ್ತಾಗುವುದಿಲ್ಲ.

"ಅಲರ್ಟ್ ಕೊಟ್ಟರು, ಹನಿ ಬೀಳಲಿಲ್ಲ, ರಜೆ ಸುಮ್ನೆ ಹೋಯ್ತು" ಅನ್ನುವವರಿಗೆ ಒಂದು ಸಣ್ಣ ಲೆಕ್ಕ. ಗುಡ್ಡದ ಬುಡದ ಮನೆಯವರನ್ನು ಒಂದು ರಾತ್ರಿ ಬೇರೆ ಕಡೆ ಇರಿಸಲು 1 ಲಕ್ಷ ಖರ್ಚು ಅಂತಿಟ್ಟುಕೊಳ್ಳಿ. ಇರಿಸದೆ ಅನಾಹುತವಾದರೆ 10 ಲಕ್ಷ ನಷ್ಟ. ಹಾಗಿದ್ದರೆ ಹತ್ತರಲ್ಲಿ ಎರಡು ಸಲ ಮಾತ್ರ ನಿಜವಾಗುವ ಮುನ್ಸೂಚನೆಯನ್ನು ನಂಬಿ ನಡೆದರೂ ಲಾಭವೇ: ಹತ್ತು ಸಲದ ಖರ್ಚು 10 ಲಕ್ಷ, ತಪ್ಪುವ ನಷ್ಟ 20 ಲಕ್ಷ. ಉಳಿದ ಎಂಟು ಸಲ ಏನೂ ಆಗಲಿಲ್ಲ ಅಂತ ಆ ನಿರ್ಧಾರ ತಪ್ಪಾಗುವುದಿಲ್ಲ. ಇದರಲ್ಲಿ ಜೀವದ ಬೆಲೆ ಸೇರಿಸಿಯೇ ಇಲ್ಲ, ಅಲ್ವಾ?

ಹನಿ ಬೀಳಲಿಲ್ಲ ಅನ್ನೋದನ್ನೂ ಸರಿಯಾಗಿ ನೋಡಬೇಕು. ಪ್ರಕಟಣೆಯಲ್ಲಿ "ಒಂದೆರಡು ಕಡೆ ಅತಿ ಭಾರಿ ಮಳೆ" ಅಂತ ಇರುತ್ತದೆ. ಒಂದೆರಡು ಕಡೆ ಅಂದರೆ ಆ ಪ್ರದೇಶದ ಮಳೆ ಮಾಪನ ಕೇಂದ್ರಗಳಲ್ಲಿ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ. ಸುದ್ದಿಯವರು ಮೊದಲು ಬಿಟ್ಟುಬಿಡುವುದು ಈ ಎರಡು ಪದಗಳನ್ನೇ. ನಿಮ್ಮ ಅಂಗಳ ಒಣಗಿದ್ದು, ಪಕ್ಕದ ಹೋಬಳಿಯ ಸೇತುವೆ ಮುಳುಗಿದ್ದರೂ ಆ ಮುನ್ಸೂಚನೆ ಸರಿಯಾದಂತೆಯೇ.