ನೂರಕ್ಕೆ ಇಬ್ಬರು ಅನ್ನುವ ಲೆಕ್ಕ ಎಲ್ಲಿಂದ ಬಂತು? ಮೆಕೆಲ್ ಚೀಲದ ಹಿನ್ನೆಲೆ

ಕೋಲಾರದ ಕಡೆ ಚಿಕ್ಕ ಮಗುವಿನ ಮಲದಲ್ಲಿ ರಕ್ತ ಕಂಡರೆ ಮನೆಯಲ್ಲಿ ಮೊದಲು ಬರುವ ಮಾತು 'ಉಷ್ಣ ಆಗಿದೆ'. ಆಮೇಲೆ ಹೊಟ್ಟೆಹುಳ, ರಕ್ತಭೇದಿ, ಮೂಲವ್ಯಾಧಿ. ಬಹಳ ಸಲ ಕಾರಣ ಸಣ್ಣದೇ ಇರುತ್ತದೆ. ಗಟ್ಟಿ ಮಲದಿಂದ ಗುದದ ಹತ್ತಿರ ಸೀಳಿರುತ್ತದೆ, ಅಷ್ಟೆ. ಆದರೆ ಈ ಊಹೆಗಳಲ್ಲಿ ಯಾವತ್ತೂ ಸೇರದ ಒಂದು ಕಾರಣ ಇದೆ. ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಟ್ಟಿನಿಂದಲೇ ಇರುವ ಚಿಕ್ಕ ಚೀಲ. ವೈದ್ಯರು ಇದನ್ನು ಮೆಕೆಲ್ ಡೈವರ್ಟಿಕ್ಯುಲಮ್ ಅನ್ನುತ್ತಾರೆ. ಜೀರ್ಣಾಂಗದ ಹುಟ್ಟು ದೋಷಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ನೂರು ಜನರಲ್ಲಿ ಇಬ್ಬರಿಗೆ ಇರುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಇಷ್ಟು ಸಾಮಾನ್ಯವಾದ ದೋಷದ ಹೆಸರು ನಮ್ಮ ಮನೆಗಳಲ್ಲಿ ಯಾಕೆ ಕೇಳಿಬರುವುದಿಲ್ಲ?

ಮೊದಲು ಅದು ಹೇಗೆ ಉಳಿಯುತ್ತದೆ ನೋಡೋಣ. ಗರ್ಭದ ಮೊದಲ ವಾರಗಳಲ್ಲಿ ಭ್ರೂಣಕ್ಕೆ ಆಹಾರ ಕೊಡುವುದು ಯೋಕ್ ಸ್ಯಾಕ್ ಎಂಬ ಒಂದು ಪುಟ್ಟ ಚೀಲ. ಅದಕ್ಕೂ ಮಗುವಿನ ಕರುಳಿಗೂ ನಡುವೆ ಒಂದು ನಾಳ ಇರುತ್ತದೆ. ಸುಮಾರು ಏಳನೇ ವಾರದ ಹೊತ್ತಿಗೆ ಆ ನಾಳ ಮುಚ್ಚಿ ಮಾಯವಾಗಬೇಕು. ಕೆಲವರಲ್ಲಿ ಕರುಳಿನ ಕಡೆಯ ತುದಿ ಮುಚ್ಚದೆ, ಕೈಗವಸಿನ ಬೆರಳಿನ ಹಾಗೆ ಹೊರಚಾಚಿಕೊಂಡು ಉಳಿದುಬಿಡುತ್ತದೆ. ಗ್ರಹಣ ನೋಡಿದ್ದಕ್ಕೆ, ಪರಂಗಿ ಹಣ್ಣು ತಿಂದಿದ್ದಕ್ಕೆ ಹೀಗಾಯಿತು ಎಂದು ತಾಯಂದಿರನ್ನು ಬೈಯುವುದುಂಟು. ಇದರಲ್ಲಿ ತಾಯಿಯ ತಪ್ಪು ಒಂದಿಷ್ಟೂ ಇಲ್ಲ. ಅನೇಕ ಹೆಂಗಸರಿಗೆ ತಾವು ಗರ್ಭಿಣಿ ಅಂತ ಖಚಿತವಾಗುವ ದಿನಗಳಲ್ಲೇ ಇದು ನಡೆದುಹೋಗಿರುತ್ತದೆ.

1598ರಲ್ಲಿ ಫ್ಯಾಬ್ರಿಸಿಯಸ್ ಹಿಲ್ಡಾನಸ್ ಎಂಬ ಸರ್ಜನ್ ಈ ಚೀಲದ ಬಗ್ಗೆ ಬರೆದ. 1809ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಯೋಹಾನ್ ಫ್ರೀಡ್ರಿಶ್ ಮೆಕೆಲ್ ಇದರ ಮೂಲ ಭ್ರೂಣದಲ್ಲಿದೆ ಎಂದು ವಿವರಿಸಿದ, ಹೆಸರೂ ಅವನದೇ ಉಳಿಯಿತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ, ಕೆಲವು ಚೀಲಗಳ ಒಳಗೆ ಜಠರದ ಒಳಪದರದಂಥ ಪದರ ಇರುವುದು ಗೊತ್ತಾಯಿತು. ಆ ಪದರ ಆಮ್ಲ ಸುರಿಸುತ್ತದೆ, ಪಕ್ಕದ ಕರುಳಿನಲ್ಲಿ ಹುಣ್ಣಾಗುತ್ತದೆ, ರಕ್ತ ಸೋರುತ್ತದೆ. ನೋವೇ ಇಲ್ಲದೆ ಮಗುವಿನ ಮಲದಲ್ಲಿ ರಕ್ತ ಬರುವುದು ಹೀಗೆ.

ಗೋಜಲು ಶುರುವಾಗುವುದು ಎಣಿಕೆಯಲ್ಲಿ. ತೊಂದರೆ ಕೊಡದ ಚೀಲ ಹೊರಗಿನಿಂದ ಕಾಣುವುದಿಲ್ಲ. ಸಾಮಾನ್ಯ ಹೊಟ್ಟೆ ಸ್ಕ್ಯಾನಿಂಗ್‌ನಲ್ಲೂ ಹೆಚ್ಚಾಗಿ ಸಿಗುವುದಿಲ್ಲ. ಹಾಗಾಗಿ ಎಣಿಸಲು ಇದ್ದ ದಾರಿ ಎರಡೇ: ಶವಪರೀಕ್ಷೆ, ಇಲ್ಲವೇ ಬೇರೆ ಕಾರಣಕ್ಕೆ ಹೊಟ್ಟೆ ತೆರೆದಾಗ ಕಂಡಿದ್ದು. ಆಸ್ಪತ್ರೆಯ ಆಪರೇಷನ್ ಲೆಕ್ಕದಲ್ಲಿ ಕಾಯಿಲೆ ಬಿದ್ದವರೇ ಜಾಸ್ತಿ ಸೇರಿರುತ್ತಾರೆ, ಅಲ್ವಾ? ಅದನ್ನು ಇಡೀ ಊರಿಗೆ ಹಚ್ಚಿದರೆ ಅಂಕಿ ಉಬ್ಬುತ್ತದೆ. 2008ರಲ್ಲಿ ಪ್ರಕಟವಾದ ಒಂದು ವಿಮರ್ಶೆ 31 ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ಲೆಕ್ಕ ಒಟ್ಟು ಸೇರಿಸಿ ನೋಡಿತು. ಸಿಕ್ಕಿದ್ದು ಸುಮಾರು ಶೇ 1.2. ಅಂದರೆ 'ನೂರಕ್ಕೆ ಇಬ್ಬರು' ಅನ್ನುವುದು ನೆನಪಿಗೆ ಸುಲಭವಾದ ಅಂಕಿ, ಸ್ವಲ್ಪ ಎತ್ತರದ ಅಂದಾಜು. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15.36 ಲಕ್ಷ. ಶೇ 1.2 ಹಿಡಿದರೂ ಸುಮಾರು 18 ಸಾವಿರ ಜನರ ಹೊಟ್ಟೆಯಲ್ಲಿ ಈ ಚೀಲ ಇರಬೇಕು. ಶೇ 2 ಹಿಡಿದರೆ 30 ಸಾವಿರ ದಾಟುತ್ತದೆ.

ಇವರಲ್ಲಿ ಬಹುಪಾಲು ಜನ ಗೊತ್ತೇ ಆಗದೆ ಪೂರ್ತಿ ಆಯಸ್ಸು ಬದುಕುತ್ತಾರೆ. ತೊಂದರೆ ಎಷ್ಟು ಜನರಿಗೆ ಅನ್ನುವುದೇ ದೊಡ್ಡ ಜಗಳ. 1976ರಲ್ಲಿ ಅಮೆರಿಕದ ವೈದ್ಯರಾದ ಸೋಲ್ಟೆರೊ ಮತ್ತು ಬಿಲ್, ಜೀವಮಾನದಲ್ಲಿ ತೊಂದರೆ ಬರುವ ಸಾಧ್ಯತೆ ಶೇ 4.2, ವಯಸ್ಸಾದಂತೆ ಅದೂ ಇಳಿಯುತ್ತದೆ ಎಂದರು. ಬೇರೆ ಆಪರೇಷನ್ ಮಾಡುವಾಗ ಆಕಸ್ಮಾತ್ ಕಂಡ ಚೀಲವನ್ನು ಮುಟ್ಟಬೇಡಿ ಅನ್ನುವುದು ಅದರ ಅರ್ಥ. 1994ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದ ಒಂದೇ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಜನರ ದಶಕಗಳ ದಾಖಲೆ ನೋಡಿದ ಮೇಯೊ ಕ್ಲಿನಿಕ್ ತಂಡ ಶೇ 6.4 ಎಂದಿತು, ತೆಗೆಯುವುದೇ ಮೇಲು ಎಂದಿತು. 2005ರಲ್ಲಿ ಅದೇ ಸಂಸ್ಥೆಯ 1,476 ರೋಗಿಗಳ ಅಧ್ಯಯನ ನಡುದಾರಿ ಹಿಡಿಯಿತು: 50ಕ್ಕಿಂತ ಕಡಿಮೆ ವಯಸ್ಸು, ಗಂಡು, 2 ಸೆಂಟಿಮೀಟರ್‌ಗಿಂತ ಉದ್ದ, ಒಳಗೆ ಬೇರೆ ಪದರದ ಸುಳಿವು, ಇವು ಇದ್ದರೆ ತೆಗೆಯುವುದನ್ನು ಯೋಚಿಸಿ. 2008ರ ಆ ವಿಮರ್ಶೆ ಮತ್ತೆ ತಿರುಗಿಸಿತು. ಒಂದು ಸಾವು ತಪ್ಪಿಸಲು 758 ಜನರ ಚೀಲ ತೆಗೆಯಬೇಕಾಗುತ್ತದೆ ಎಂದು ಲೆಕ್ಕ ಕೊಟ್ಟಿತು. ಒಂದು ಮಾತು ಗಮನಿಸಿ. ಈ ವಾದ ಬಹಳಷ್ಟು ನಡೆದಿದ್ದು ಆಸ್ಪತ್ರೆ ಕಡತ ದಶಕಗಳ ಕಾಲ ಉಳಿಯುವ ಊರುಗಳನ್ನು ನಂಬಿಕೊಂಡು.

ಇಲ್ಲಿ ಕಡತ ಉಳಿಯುವುದು ಕಷ್ಟ. ಮುಳಬಾಗಿಲಿನ ಹುಡುಗನಿಗೆ ಬಲಗಡೆ ಹೊಟ್ಟೆನೋವು ಬಂದರೆ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಟಮಕದ ಮೆಡಿಕಲ್ ಕಾಲೇಜಿಗೋ, ಕೈಮೀರಿದರೆ ಬೆಂಗಳೂರು. ಎಲ್ಲರ ಬಾಯಲ್ಲೂ 'ಅಪೆಂಡಿಕ್ಸ್'. ಹೊಟ್ಟೆ ತೆರೆದಾಗ ಅಪೆಂಡಿಕ್ಸ್ ಚೆನ್ನಾಗಿಯೇ ಇದ್ದರೆ, ಸಣ್ಣ ಕರುಳಿನ ಕೊನೆಯ ಎರಡು ಮೂರು ಅಡಿಯನ್ನು ಹಿಂದಕ್ಕೆ ಸರಿಸುತ್ತ ನೋಡಬೇಕು ಎಂದು ಸರ್ಜನ್‌ಗಳಿಗೆ ಕಲಿಸಿರುತ್ತಾರೆ. ಮೆಕೆಲ್ ಚೀಲ ಸಿಗುವುದು ಅಲ್ಲೇ. ಆದರೆ ಮನೆಗೆ ಬರುವ ಸುದ್ದಿ 'ಅಪೆಂಡಿಕ್ಸ್ ಆಪರೇಷನ್ ಆಯಿತು' ಅನ್ನುವುದಷ್ಟೇ.

ರಕ್ತ ಸೋರುವ ಮಕ್ಕಳ ಸ್ಥಿತಿ ಇನ್ನೂ ಕಷ್ಟ. ನಿಧಾನವಾಗಿ ಸೋರಿದರೆ ಮಗು ಬಿಳಿಚಿಕೊಳ್ಳುತ್ತದೆ. ರಕ್ತ ಕಡಿಮೆ ಇದೆ ಎಂದು ಕಬ್ಬಿಣದ ಸಿರಪ್, ಜಂತುಹುಳದ ಮಾತ್ರೆ ಸಿಗುತ್ತವೆ. ನಮ್ಮ ಹಳ್ಳಿಗಳಲ್ಲಿ ಅವು ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಿರಪ್ ಕೊಟ್ಟರೂ ರಕ್ತದ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ಕರುಳಿನ ಕಡೆ ನೋಡಲೇಬೇಕು. ಅದಕ್ಕೆ ಟೆಕ್ನೀಶಿಯಂ ಸ್ಕ್ಯಾನ್ ಇದೆ, ಅಂದರೆ ವಿಕಿರಣ ಸೂಸುವ ಔಷಧ ಕೊಟ್ಟು ಮಾಡುವ ಸ್ಕ್ಯಾನ್. 1970ರಿಂದ ಬಳಕೆಗೆ ಬಂತು. ಜಠರದ ಪದರ ಎಲ್ಲಿದೆ ಅನ್ನುವುದನ್ನು ಅದು ತೋರಿಸುತ್ತದೆ. ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ನಂಬಿಕೆಗೆ ಅರ್ಹ. ಆ ಔಷಧದ ವಿಕಿರಣ ಆರೇ ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಆ ವಿಕಿರಣ ಹಿಡಿಯಲು ಗಾಮಾ ಕ್ಯಾಮರಾ ಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಕೆಲಸ ಅಲ್ಲ. ಕೂಲಿ ಬಿಟ್ಟು ಮಗುವನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು ಅಂದರೆ, ಮಗು ಆಟ ಆಡಿಕೊಂಡೇ ಇದೆಯಲ್ಲ ಎಂದು ಮನೆಯವರು ಮುಂದೂಡುವುದು ಸಹಜ.

2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಶುರುವಾದಾಗ ಅಂಗನವಾಡಿ, ಶಾಲೆಗಳಲ್ಲಿ ಹುಟ್ಟು ದೋಷ ಹುಡುಕುವ ಕೆಲಸಕ್ಕೆ ಒಂದು ರೂಪ ಬಂತು. ಸೀಳುತುಟಿ, ಸೊಟ್ಟ ಪಾದ, ಹೃದಯದ ದೋಷ ಅದರ ಪಟ್ಟಿಯಲ್ಲಿವೆ. ಎಷ್ಟೋ ಮಕ್ಕಳಿಗೆ ಅದರಿಂದ ಒಳ್ಳೆಯದಾಗಿದೆ. ಮೆಕೆಲ್ ಚೀಲ ಆ ಪಟ್ಟಿಯಲ್ಲಿಲ್ಲ, ಕಣ್ಣಲ್ಲಿ ನೋಡಿ ಹಿಡಿಯುವಂಥದ್ದೂ ಅಲ್ಲ. ಹಾಗಾಗಿ ಉಳಿಯುವ ದಾಖಲೆ ಡಿಸ್ಚಾರ್ಜ್ ಚೀಟಿ ಒಂದೇ. ಆಪರೇಷನ್‌ನಲ್ಲಿ ಚೀಲ ಕಂಡಿತೇ, ತೆಗೆದರೇ, ಹಾಗೇ ಬಿಟ್ಟರೇ ಎಂದು ಕೇಳಿ ಅದರಲ್ಲಿ ಬರೆಸಿಕೊಳ್ಳಿ. ಹತ್ತು ವರ್ಷ ಬಿಟ್ಟು ಅದೇ ಹೊಟ್ಟೆ ನೋಯ್ದಾಗ ನೋಡುವ ವೈದ್ಯರಿಗೆ ಬೇಕಾಗುವುದು ಆ ಒಂದು ಸಾಲು.