ದಾರದಂಥ ಜಾಗಗಳು

ಯಾರೂ ತಿರುಗಿ ನೋಡದ ಸರ್ಕಾರಿ ಜಾಗ ನಗರಗಳಲ್ಲಿ ಎಷ್ಟೊಂದಿರುತ್ತದೆ! ರೈಲು ನಿಂತುಹೋದ ಹಳಿ, ಕಾಲುವೆಯ ದಂಡೆ, ಹೈಟೆನ್ಷನ್ ತಂತಿಯ ಕೆಳಗಿನ ನೆಲ. ಮುಳ್ಳುಗಿಡ, ಕಸ, ಸುಮ್ನೆ ಬಿದ್ದಿರುವ ಪೈಪು. ಇವುಗಳಲ್ಲಿ ಹೆಚ್ಚಿನವು ಚೌಕವಾಗಿರುವುದಿಲ್ಲ, ದಾರದ ಹಾಗೆ ಉದ್ದಕ್ಕಿರುತ್ತವೆ. ಮನೆ ಕಟ್ಟಲು ಒಗ್ಗದ ಆ ಆಕಾರವೇ ಚಿಟ್ಟೆಗೂ ಕಪ್ಪೆಗೂ ಬೇಕಾಗಿರುವುದು.

1967ರಲ್ಲಿ ಜೀವವಿಜ್ಞಾನಿಗಳಾದ ರಾಬರ್ಟ್ ಮ್ಯಾಕ್‌ಆರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ ದ್ವೀಪಗಳ ಬಗ್ಗೆ ಒಂದು ಲೆಕ್ಕಾಚಾರ ಮುಂದಿಟ್ಟರು. ದ್ವೀಪ ಚಿಕ್ಕದಾದಷ್ಟೂ ಅಲ್ಲಿನ ಜೀವಿಗಳು ಬೇಗ ಅಳಿಯುತ್ತವೆ. ದೂರವಿದ್ದಷ್ಟೂ ಹೊಸಬರು ಬಂದು ಸೇರುವುದು ಕಡಿಮೆ. ಕಾಂಕ್ರೀಟಿನ ನಡುವಿನ ಪಾರ್ಕೂ ಒಂದು ದ್ವೀಪವೇ ಅಲ್ವಾ? ಒಂದು ಕೆಟ್ಟ ಬೇಸಿಗೆಗೆ ಅಲ್ಲಿನ ಚಿಟ್ಟೆಗಳೆಲ್ಲ ಸತ್ತವು ಅನ್ನಿ. ಇನ್ನೊಂದು ಪಾರ್ಕಿನಿಂದ ಬೇರೆಯವು ಬರಬೇಕು. ನಡುವೆ ಹೂವಿಲ್ಲ, ನೆರಳಿಲ್ಲ ಎಂದರೆ ಬರುವುದು ಹೇಗೆ? ದಾರದಂಥ ಆ ಜಾಗಗಳಲ್ಲಿ ಗಿಡಮರ ಬೆಳೆಸಿದರೆ ಅವೇ ಒಂದು ಹಸಿರು ತಾಣದಿಂದ ಇನ್ನೊಂದಕ್ಕೆ ದಾರಿಯಾಗುತ್ತವೆ.

ನ್ಯೂಯಾರ್ಕಿನ ಹೈಲೈನ್ ಹೆಸರು ಬಹಳ ಜನ ಕೇಳಿರುತ್ತಾರೆ. 1980ರಲ್ಲಿ ಕೊನೆಯ ರೈಲು ಓಡಿದ ಎತ್ತರದ ಹಳಿ 2009ರಲ್ಲಿ ಉದ್ಯಾನವಾಗಿ ತೆರೆಯಿತು. ನೋಡಲು ಬಲು ಚೆಂದ. ಆದರೆ ಅದರ ಎರಡು ತುದಿಗಳಲ್ಲಿ ಕಾಡೇನೂ ಇಲ್ಲ, ಇರುವುದು ಬೀದಿ. ನನಗೆ ಸಿಂಗಪುರದ ಕೆಲಸವೇ ಜಾಸ್ತಿ ಇಷ್ಟ. 2011ರಲ್ಲಿ ಮಲೇಷ್ಯಾದ ರೈಲು ನಿಂತ ಮೇಲೆ ಉಳಿದ 24 ಕಿ.ಮೀ. ಹಾದಿ ಅಲ್ಲಿ ಹಸಿರು ದಾರಿಯಾಗಿದೆ. ಅದು ಬುಕಿಟ್ ತಿಮಾ ಕಾಡಿನ ಮಗ್ಗುಲಲ್ಲೇ ಸಾಗುತ್ತದೆ.

ಜನರಿಗೆ ಸಿಗುವುದು ತಂಪು. ಒಂದು ಲೀಟರ್ ನೀರು ಎಲೆಯಿಂದ ಆವಿಯಾಗಲು ಸುಮಾರು 2,400 ಕಿಲೋಜೌಲ್ ಶಾಖ ಬೇಕು. ಮರ ಅದನ್ನು ಸುತ್ತಲಿನಿಂದಲೇ ಹೀರುತ್ತದೆ. ಕೊಲಂಬಿಯಾದ ಮೆಡೆಲಿನ್ ನಗರ 2016ರಿಂದ ರಸ್ತೆ, ತೊರೆಗಳ ಬದಿಯಲ್ಲಿ ಇಂಥ 30 ದಾರಿಗಳನ್ನು ಬೆಳೆಸಿತು. ಬಿಸಿ ಸುಮಾರು 2 ಡಿಗ್ರಿ ಇಳಿದಿದೆ ಎನ್ನುತ್ತದೆ ಅಲ್ಲಿನ ಆಡಳಿತ.

ಬರೀ ಸಾಲುಮರ ನೆಟ್ಟು ಕೆಳಗೆ ಹುಲ್ಲುಹಾಸು ಹಾಸಿದರೆ ಸಾಲದು. ಪೊದೆ ಬೇಕು, ಉದುರಿದ ಎಲೆ ಅಲ್ಲೇ ಕೊಳೆಯಬೇಕು. ರಾತ್ರಿ ಕತ್ತಲೂ ಬೇಕು. ರಾತ್ರಿಯಿಡೀ ಉರಿಯುವ ದೀಪದ ಸಾಲು ಕೆಲವು ಬಾವಲಿಗಳಿಗೆ ಗೋಡೆ ಇದ್ದಂತೆ. ಒಬ್ಬಂಟಿಯಾಗಿ ನಡೆದುಹೋಗುವವರಿಗೆ ಬೆಳಕು ಬೇಕು ಎನ್ನುವುದೂ ನಿಜವೇ. ಹಾಗಾಗಿ ಕೆಲವು ಕಡೆ ದೀಪವನ್ನು ಕೆಳಮುಖ ಮಾಡಿ, ಹಳದಿಗೆ ಬದಲಿಸುತ್ತಾರೆ.

ಎಲ್ಲಕ್ಕಿಂತ ತೊಡಕಿನದು ದಾರ ತುಂಡಾಗುವ ಜಾಗ. ರೈಲಿನವರ ಬೇಲಿ ಮುಗಿದಲ್ಲಿ ರಸ್ತೆಯವರ ನೆಲ ಶುರು. ಹಕ್ಕಿ ಹಾರಿ ದಾಟುತ್ತದೆ. ಕಪ್ಪೆಗೆ ರಸ್ತೆಯಡಿ ಒಂದು ಸುರಂಗ ಬೇಕು. ಯುರೋಪಿನಲ್ಲಿ ಅಂಥವು ಎಷ್ಟೋ ಇವೆ. ಸುರಂಗದ ಎರಡೂ ಬದಿ ತಗ್ಗು ಬೇಲಿ ಹಾಕಿ ಕಪ್ಪೆಗಳನ್ನು ಅದರ ಬಾಯಿಗೆ ತಿರುಗಿಸುತ್ತಾರೆ.