ಕೊಡುವಾಗ ಪಾಸಿಟಿವ್, ಪಡೆಯುವಾಗ ನೆಗೆಟಿವ್

ಮೂಡಿಗೆರೆಯ ಲ್ಯಾಬಿನಲ್ಲಿ ‘ಒ ನೆಗೆಟಿವ್’ ಎಂದು ಬರೆಸಿಕೊಂಡ ಹುಡುಗನೊಬ್ಬ ಚಿಕ್ಕಮಗಳೂರಿನ ಶಿಬಿರದಲ್ಲಿ ರಕ್ತ ಕೊಟ್ಟಾಗ, ದಾನಿಯ ಕಾರ್ಡಿನಲ್ಲಿ ‘ಒ ಪಾಸಿಟಿವ್’ ಎಂದು ಬರಬಹುದು. ಮನೆಯವರು ಮೊದಲು ಬೈಯುವುದು ಲ್ಯಾಬಿನವರನ್ನು. ಸೀಸೆ ಅದಲುಬದಲಾಗುವುದೂ ಉಂಟು, ಇಲ್ಲವೆಂದಲ್ಲ. ಆದರೆ ಇಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿರುವ ಸಾಧ್ಯತೆಯೂ ಇದೆ.

ಪಾಸಿಟಿವ್, ನೆಗೆಟಿವ್ ಎಂದು ತೀರ್ಮಾನಿಸುವುದು ಕೆಂಪು ರಕ್ತಕಣದ ಹೊದಿಕೆಯಲ್ಲಿರುವ ‘ಡಿ’ ಪ್ರತಿಜನಕ (ಆಂಟಿಜೆನ್), ಅಂದರೆ ದೇಹ ಗುರುತು ಹಿಡಿಯುವ ಒಂದು ಪ್ರೋಟೀನು. ಸಾಮಾನ್ಯ ಪಾಸಿಟಿವ್ ವ್ಯಕ್ತಿಯ ಒಂದೊಂದು ಕಣದ ಮೇಲೂ ಇದು ಸುಮಾರು 10,000ದಿಂದ 30,000ದಷ್ಟಿರುತ್ತದೆ. ‘ದುರ್ಬಲ ಡಿ’ ಇರುವವರಲ್ಲಿ ಕೆಲವು ಸಾವಿರಕ್ಕೋ ಕೆಲವು ನೂರಕ್ಕೋ ಇಳಿದಿರುತ್ತದೆ. 1946ರಲ್ಲಿ ಸ್ಟ್ರಾಟನ್ ಎಂಬ ಸಂಶೋಧಕರು ಇದನ್ನು ವಿವರಿಸಿದರು. ರಕ್ತನಿಧಿಯ ಹಳಬರು ಈಗಲೂ ‘ಡಿಯು’ ಎನ್ನುತ್ತಾರೆ.

ಗ್ರೂಪಿಂಗ್ ಮಾಡುವಾಗ ಕೊಳವೆಯಲ್ಲಿ ಡಿಯನ್ನು ಹಿಡಿದು ಕಣಗಳನ್ನು ಗಂಟು ಕಟ್ಟಿಸುವ ಆಂಟಿ-ಡಿ ದ್ರಾವಣ ಒಂದು ಹನಿ, ಒಂದು ಹನಿ ರಕ್ತಕಣ ಸೇರಿಸಿ ಯಂತ್ರದಲ್ಲಿ ತಿರುಗಿಸುತ್ತಾರೆ. ತಳದಲ್ಲಿ ಕಣಗಳು ಕೆಂಪು ಗುಂಡಿಯಂತೆ ಕೂರುತ್ತವೆ. ಮೆಲ್ಲಗೆ ಅಲುಗಿಸಿದಾಗ ಗಟ್ಟಿ ಗಂಟಾಗಿ ಎದ್ದು ಬಂದರೆ ಪಾಸಿಟಿವ್, ನಯವಾಗಿ ಕರಗಿ ಹರಡಿದರೆ ನೆಗೆಟಿವ್. ದುರ್ಬಲ ಡಿ ಇದ್ದರೆ ಸಣ್ಣ ಹರಳುಗಳು ಕಾಣಬಹುದು, ಏನೂ ಕಾಣದೆಯೂ ಹೋಗಬಹುದು. ದಾನಿಯ ರಕ್ತವನ್ನು ಅಲ್ಲಿಗೇ ಬಿಡುವಂತಿಲ್ಲ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಲವಣದ್ರಾವಣದಲ್ಲಿ ಹಲವು ಬಾರಿ ತೊಳೆದು, ಕಣಕ್ಕೆ ಅಂಟಿದ ಆಂಟಿ-ಡಿಯನ್ನು ಒಂದಕ್ಕೊಂದು ಬೆಸೆಯುವ ಕೂಂಬ್ಸ್ ದ್ರಾವಣ ಹಾಕಿ ಮತ್ತೆ ನೋಡುತ್ತಾರೆ. ದುರ್ಬಲ ಡಿ ಇದ್ದರೆ ಮೊದಲು ಸುಮ್ಮನಿದ್ದ ಕಣಗಳು ಈಗ ಗಂಟು ಕಟ್ಟುತ್ತವೆ.

ಇಷ್ಟೆಲ್ಲ ಏಕೆಂದರೆ, ಆ ಅಲ್ಪಸ್ವಲ್ಪ ಡಿ ಕೂಡ ನೆಗೆಟಿವ್ ರೋಗಿಯ ದೇಹದಲ್ಲಿ ಅದರ ಮೇಲೆರಗುವ ಪ್ರತಿಕಾಯ (ಆಂಟಿಬಾಡಿ) ಹುಟ್ಟಿಸಬಲ್ಲದು. ಹಾಗಾಗಿ ದುರ್ಬಲ ಡಿ ದಾನಿಯ ಚೀಲದ ಮೇಲೆ ‘ಪಾಸಿಟಿವ್’ ಎಂದೇ ಅಂಟಿಸುತ್ತಾರೆ. ಅದೇ ಹುಡುಗ ಅಪಘಾತವಾಗಿ ಆಸ್ಪತ್ರೆಗೆ ಬಂದರೆ ನೆಗೆಟಿವ್ ರಕ್ತ ಕೊಡುವುದೇ ಸುರಕ್ಷಿತ. ಇದು ಅತಿ ಎಚ್ಚರಿಕೆ ಎನ್ನಿಸಬಹುದು, ನನಗೆ ಹಾಗನ್ನಿಸುವುದಿಲ್ಲ. ಡಿ ಪ್ರೋಟೀನಿನ ಹೊರಭಾಗದ ತುಣುಕೇ ಇಲ್ಲದ ‘ಆಂಶಿಕ ಡಿ’ ಎಂಬ ಬಗೆಯೂ ಇದೆ. ಅಂಥವರಿಗೆ ಪಾಸಿಟಿವ್ ರಕ್ತ ಕೊಟ್ಟರೆ, ದೇಹ ತನ್ನಲ್ಲಿಲ್ಲದ ತುಣುಕನ್ನು ಪರಕೀಯವೆಂದು ಕಂಡು ಅದರ ವಿರುದ್ಧ ಪ್ರತಿಕಾಯ ಕಟ್ಟಬಹುದು. ಸಾಮಾನ್ಯ ಕೊಳವೆ ಪರೀಕ್ಷೆಯಲ್ಲಿ ದುರ್ಬಲ ಯಾವುದು, ಆಂಶಿಕ ಯಾವುದು ಎಂದು ಖಚಿತವಾಗಿ ಬೇರ್ಪಡಿಸಲಾಗುವುದಿಲ್ಲ.

ಗರ್ಭಿಣಿಯರ ವಿಷಯದಲ್ಲೂ ಇದೇ ತರ್ಕ. ಸಂದೇಹವಿದ್ದರೆ ತಾಯಿಯನ್ನು ನೆಗೆಟಿವ್ ಎಂದೇ ಪರಿಗಣಿಸಿ, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಕೊಡುತ್ತಾರೆ. ಬೇಕಿಲ್ಲದಿದ್ದರೂ ಕೊಟ್ಟ ಇಂಜೆಕ್ಷನ್‌ನ ನಷ್ಟ ಸಣ್ಣದು. ಬೇಕಿದ್ದೂ ಕೊಡದಿದ್ದರೆ ತಾಯಿಯ ದೇಹ ಕಟ್ಟುವ ಪ್ರತಿಕಾಯಗಳಿಂದ ಮುಂದಿನ ಮಗುವಿನ ರಕ್ತಕಣಗಳು ಒಡೆದುಹೋಗುವ ಭಯವಿದೆ.

ಯುರೋಪಿನಲ್ಲಿ ಇದಕ್ಕೊಂದು ಹಾದಿ ಸಿಕ್ಕಿದೆ. ವಂಶವಾಹಿ ಪರೀಕ್ಷೆಯಲ್ಲಿ ದುರ್ಬಲ ಡಿ 1, 2 ಅಥವಾ 3ನೆಯ ಬಗೆ ಎಂದು ತಿಳಿದರೆ ಆ ಮಹಿಳೆಯನ್ನು ಪಾಸಿಟಿವ್ ಎಂದೇ ಪರಿಗಣಿಸಬಹುದು, ಇಂಜೆಕ್ಷನ್ ಬೇಡ. ಅಲ್ಲಿ ಈ ಮೂರೇ ಹೆಚ್ಚು. ಮುಂಬೈಯ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆಯ ವಿಜ್ಞಾನಿಗಳು ಫ್ರಾನ್ಸಿನವರ ಜೊತೆಗೂಡಿ ಭಾರತೀಯರ ಮಾದರಿಗಳನ್ನು ನೋಡಿದಾಗ ಮುಂದೆ ಬಂದದ್ದು ಬೇರೆಯೇ: ಡಿಯನ್ನು ರೂಪಿಸುವ ಆರ್‌ಎಚ್‌ಡಿ ವಂಶವಾಹಿಯಲ್ಲಿ ಮೂರನೆಯ ಎಕ್ಸಾನ್ (ವಂಶವಾಹಿಯ ಒಂದು ತುಂಡು) ಒಂದರ ಬದಲು ಎರಡಾಗಿರುವ ಬಗೆ. 2018ರಲ್ಲಿ ಅದು ಪ್ರಕಟವಾಯಿತು. ಯುರೋಪಿನ ಮೂರು ಬಗೆಗಳನ್ನಷ್ಟೇ ಹುಡುಕುವ ಕಿಟ್ ತಂದು ಬಾಳೆಹೊನ್ನೂರಿನ ಬಸುರಿಯ ರಕ್ತ ಪರೀಕ್ಷಿಸಿದರೆ ಉತ್ತರ ಸಿಗದೇ ಹೋಗಬಹುದು. ಆಗ ಆಕೆಗೆ ಮತ್ತೆ ಆ ಇಂಜೆಕ್ಷನ್ನೇ ಗತಿ.